ನಸುಗುನ್ನಿ ಕಾಯಿ, ನಡುಕದ ಮದ್ದು

ಬೇಲಿ ಮೇಲೆ, ಕುರುಚಲು ಕಾಡಿನಲ್ಲಿ ಹಬ್ಬೋ ನಸುಗುನ್ನಿ ಬಳ್ಳಿ ಗೊತ್ತಿಲ್ಲದ ದನಗಾಹಿ ಇಲ್ಲ. ತಮಿಳಿನವರು ಪೂನೈಕಾಲಿ ಅಂತಾರೆ, ತೆಲುಗಿನವರು ದೂಲಗೊಂಡಿ ಅಂತಾರೆ. ಕಾಯಿ ಮೇಲಿನ ಸುಂಕು ಮೈಗೆ ತಾಕಿದರೆ ಮೂರು ಭಾಷೆಯವರಿಗೂ ಒಂದೇ ತುರಿಕೆ. ಆಯುರ್ವೇದದ ಪಂಡಿತರು ಇದನ್ನು ಕಪಿಕಚ್ಛು ಅಂತ ಕರೆದು, ಬೀಜವನ್ನು ಮದ್ದಿಗೆ ಬಳಸುತ್ತಾ ಬಂದಿದ್ದಾರೆ.

ಈ ಬೀಜದಲ್ಲಿ ಡೋಪಾ ಅನ್ನೋ ಒಂದು ಅಮೈನೋ ಆಮ್ಲ ಐತೆ. ನಾವು ತಿನ್ನೋ ಅವರೆ, ಹುರುಳಿ, ಮೊಟ್ಟೆಯ ಪ್ರೋಟೀನೆಲ್ಲ 20 ಬಗೆ ಅಮೈನೋ ಆಮ್ಲಗಳಿಂದ ಕಟ್ಟಿದ್ದು. ಡೋಪಾ ಆ 20ರ ಲೆಕ್ಕಕ್ಕೆ ಸೇರಿದ್ದಲ್ಲ. 1913ರಲ್ಲಿ ಗುಗೆನ್‌ಹೈಮ್ ಅನ್ನುವವರು ಇದನ್ನು ಯುರೋಪಿನ ಒಂದು ಬಗೆ ಅವರೆಯಿಂದ ಬೇರೆ ಮಾಡಿ ತೆಗೆದರು. ನಸುಗುನ್ನಿ ಬೀಜದಿಂದ ತೆಗೆದವರು ನಮ್ಮವರೇ. 1937ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಮಾಡಿ ಬರೆದಿಟ್ಟರು. ಆಗ ನಮ್ಮ ಸೀಮೆ ಸೇಲಂ ಜಿಲ್ಲೆಗೆ ಸೇರಿತ್ತು, ಮದ್ರಾಸು ಪ್ರಾಂತ್ಯದಲ್ಲಿತ್ತು.

ಅದರಿಂದ ಏನು ಉಪಯೋಗ ಅನ್ನೋದು ತಿಳಿದಿದ್ದು 20 ವರ್ಷ ಕಳೆದ ಮೇಲೆ. 1957ರಲ್ಲಿ ಸ್ವೀಡನ್ನಿನ ಕಾರ್ಲ್‌ಸನ್, ನಮ್ಮ ದೇಶದ ಸರ್ಪಗಂಧಿ ಬೇರಿನಲ್ಲಿರೋ ಮದ್ದನ್ನು ಮೊಲಗಳಿಗೆ ಕೊಟ್ಟರು. ಮೊಲಗಳು ಅಲ್ಲಾಡದೆ ಕುಂತುಬಿಟ್ಟವು. ಡೋಪಾ ಕೊಟ್ಟ ಮೇಲೆ ಮತ್ತೆ ಓಡಾಡಿದವು. ಕೈ ನಡುಗಿ, ಹೆಜ್ಜೆ ಎತ್ತಲಾಗದ ಕಾಯಿಲೆಯನ್ನು 1817ರಲ್ಲೇ ಲಂಡನ್ನಿನ ಡಾಕ್ಟರು ಪಾರ್ಕಿನ್ಸನ್ ಬರೆದಿದ್ದರು. ಆ ರೋಗಿಗಳ ಮಿದುಳಿನಲ್ಲಿ ಡೋಪಮೈನು ಕಡಿಮೆ ಆಗಿರುತ್ತೆ. ಡೋಪಾ ಒಳಗೆ ಹೋಗಿ ಡೋಪಮೈನಾಗುತ್ತೆ. 1961ರಲ್ಲಿ ವಿಯೆನ್ನಾದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. 1967ರಲ್ಲಿ ಅಮೆರಿಕದ ಕೊಟ್ಜಿಯಾಸ್ ಪ್ರಮಾಣ ಏರಿಸಿಕೊಂಡು ಹೋಗಿ ಒಳ್ಳೇ ಗುಣ ಕಂಡರು.

ಈಗ ಮಾತ್ರೆ ರಾಶಿರಾಶಿ ಬೇಕಾಯಿತು. ಕಾರ್ಖಾನೆಯಲ್ಲಿ ಮಾಡಿದರೆ ಇನ್ನೊಂದು ತೊಡಕು. ಚಪ್ಪಲಿಗೆ ಎಡ ಬಲ ಇದ್ದಂಗೆ ಡೋಪಾಕ್ಕೂ ಎರಡು ರೂಪ. ಮಾಮೂಲಿಯಾಗಿ ಮಾಡಿದರೆ ಎರಡೂ ಸಮಸಮ ಬರುತ್ತವೆ. ರೋಗಿಗೆ ಬೇಕಾದ್ದು ಒಂದೇ. ಇನ್ನೊಂದು ಕೆಲಸಕ್ಕೆ ಬಾರದು, ತೊಂದರೆಯನ್ನೂ ಕೊಡಬಲ್ಲುದು. ಮಾನ್ಸಾಂಟೊ ಕಂಪನಿಯ ವಿಲಿಯಂ ನೋಲ್ಸ್ ಇದಕ್ಕೆ ರೋಡಿಯಂ ಲೋಹವನ್ನು ಹಿಡಿದರು. ಆ ಲೋಹಕ್ಕೆ ಒಂದೇ ಕಡೆ ತಿರುಗಿದ, ರಂಜಕ ಇರೋ ಅಣುವನ್ನು ಕಟ್ಟಿದರು. ಹೆಣ್ಣು ಗಂಡು ಕೂಡಿಸಿ ಮುಂದಿನ ಮನೆಗೆ ಹೋಗೋ ಮದುವೆ ದಲ್ಲಾಳಿ ಥರ, ಈ ಲೋಹ ಜಲಜನಕವನ್ನು ಸರಿಯಾದ ಮಗ್ಗುಲಿಗೆ ಸೇರಿಸುತ್ತೆ, ತಾನು ಸವೆಯಲ್ಲ. ಅದಕ್ಕೇ ದುಬಾರಿ ಲೋಹ ಚಿಟಿಕೆಯಷ್ಟಿದ್ದರೂ ಸಾಕು. ಶುರುವಿನ ಸಾಮಾನು ಐಸ್‌ಕ್ರೀಮಿನ ಘಮಲಿಗೆ ಹಾಕೋ ವೆನಿಲಿನ್, ಜೊತೆಗೆ ಅಮೈನೋ ಆಮ್ಲಗಳಲ್ಲೆಲ್ಲ ಚಿಕ್ಕದಾದ ಗ್ಲೈಸೀನು. 1970ರ ದಶಕದಲ್ಲಿ ಹೀಗೆ ಮಾಡಿದ ಡೋಪಾ ಮಾರುಕಟ್ಟೆಗೆ ಬಂತು. 2000ದಲ್ಲಿ ಕಾರ್ಲ್‌ಸನ್ನರಿಗೆ, 2001ರಲ್ಲಿ ನೋಲ್ಸರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು.

ಬೀಜದಲ್ಲಿ ಮದ್ದು ಐತೆ ಅಂತ ಪುಡಿ ಮಾಡಿ ನುಂಗಬಾರದು. ಬೀಜದಿಂದ ಬೀಜಕ್ಕೆ ಪ್ರಮಾಣ ಬೇರೆ. ಹೆಚ್ಚಾದರೆ ವಾಂತಿ, ತಲೆಸುತ್ತು. ನಮ್ಮೂರುಗಳಲ್ಲಿ ಅಜ್ಜನ ಕೈ ನಡುಗಿದರೆ ವಯಸ್ಸಾಯ್ತು ಅಂತ ಮೂಲೆಯಲ್ಲಿ ಕೂರಿಸ್ತಾರೆ. ಹಂಗೆ ಬಿಡದೆ ಡಾಕ್ಟರಿಗೆ ತೋರಿಸಿ, ಮದ್ದು ಐತೆ. ಮೇಷ್ಟ್ರುಗಳು ಮಕ್ಕಳಿಗೆ ಬೇಲಿ ಮೇಲಿನ ಬಳ್ಳಿ ತೋರಿಸುವಾಗ 1937ರ ಮದ್ರಾಸಿನ ಆ ಇಬ್ಬರ ಹೆಸರೂ ಹೇಳಿಕೊಡಲಿ.