ಎಲ್ಲರೂ ಒಟ್ಟಿಗೆ ಎದ್ದರೆ ಒಂದು, ಒಬ್ಬೊಬ್ಬರಾಗಿ ಎದ್ದರೆ ಇನ್ನೊಂದು

ಮೊನ್ನೆ ಶನಿವಾರ ರಾತ್ರಿ ನಿದ್ದೆ ಬರದೆ, ಕಾಲೇಜಿನ ದಿನಗಳಿಂದ ಬಾಕಿ ಉಳಿದಿದ್ದ ಒಂದು ಕೆಲಸಕ್ಕೆ ಕೈಹಾಕಿದೆ. ಮಾರ್ಟಿನ್ ನೊವಾಕ್ ಮತ್ತು ರಾಬರ್ಟ್ ಮೇ 1992ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ ಪುಟ್ಟ ಪ್ರಬಂಧದ ಚಿತ್ರಗಳನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಮೂಡಿಸಬೇಕು ಅಂತ. ನಲವತ್ತು ಸಾಲಿನ ಪ್ರೋಗ್ರಾಮು, ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಬೆಳಗಿನ ಜಾವ ಮೂರಾದರೂ ಚಿತ್ರ ಬರಲಿಲ್ಲ!

ಆಟ ಇಷ್ಟೇ. 99 ಮನೆ ಉದ್ದ, 99 ಮನೆ ಅಗಲದ ಒಂದು ದೊಡ್ಡ ಚೌಕಾಬಾರದ ಹಾಸು ಅಂದುಕೊಳ್ಳಿ. ಪ್ರತಿ ಮನೆಯಲ್ಲೂ ಒಬ್ಬ. ಒಂದೋ ಸಹಕರಿಸುವವ, ಇಲ್ಲವೇ ಕೈಕೊಡುವವ. ಸುತ್ತಲಿನ ಎಂಟು ಮನೆಯವರ ಜತೆಗೂ, ಲೆಕ್ಕಕ್ಕೆ ತನ್ನ ಜತೆಗೂ ಆಡುತ್ತಾನೆ. ಇಬ್ಬರೂ ಸಹಕರಿಸಿದರೆ ತಲಾ ಒಂದು ಅಂಕ. ಸಹಕರಿಸಿದವನಿಗೆ ಕೈಕೊಟ್ಟರೆ ಕೈಕೊಟ್ಟವನಿಗೆ ಎರಡಕ್ಕಿಂತ ಸ್ವಲ್ಪ ಕಡಿಮೆ, ಅಂದರೆ 1.9ರ ಹಾಗೆ. ಮೋಸ ಹೋದವನಿಗೆ ಸೊನ್ನೆ. ಇಬ್ಬರೂ ಕೈಕೊಟ್ಟರೆ ಇಬ್ಬರಿಗೂ ಸೊನ್ನೆ. ಸುತ್ತು ಮುಗಿದ ಮೇಲೆ, ತಾನೂ ಸೇರಿ ನೆರೆಹೊರೆಯಲ್ಲಿ ಯಾರ ಗಳಿಕೆ ಜಾಸ್ತಿಯೋ ಅವರ ದಾರಿ ಹಿಡಿಯುವುದು. ನೆನಪಿಲ್ಲ, ಸೇಡಿಲ್ಲ, ಬುದ್ಧಿಯೂ ಇಲ್ಲ.

ಎಲ್ಲರೂ ಸಹಕರಿಸುವವರೇ ಇರುವ ಊರಿನ ನಟ್ಟನಡುವೆ ಒಬ್ಬನೇ ಒಬ್ಬ ಕೈಕೊಡುವವನನ್ನು ಇಟ್ಟರೆ, ಅಲ್ಲಿಂದ ರಂಗೋಲಿ ಅರಳಿದ ಹಾಗೆ ನಾಲ್ಕೂ ದಿಕ್ಕಿಗೆ ಸಮನಾದ ಚಿತ್ತಾರ ಹಬ್ಬುತ್ತದೆ. ಹೇಗೆ ಶುರು ಮಾಡಿದರೂ ಬಹುಪಾಲು ಸಲ ಸಹಕರಿಸುವವರ ಪಾಲು ಶೇಕಡಾ 32ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸ್ವಾರ್ಥಿಗಳ ನಡುವೆ ಸಹಕಾರ ಉಳಿಯಲು ಬುದ್ಧಿ ಬೇಡ, ಅಕ್ಕಪಕ್ಕದ ಮನೆಗಳಿದ್ದರೆ ಸಾಕು ಎಂಬುದು ಸಣ್ಣ ಮಾತೇನಲ್ಲ. ಜೀವವಿಜ್ಞಾನಿಗಳೂ ಅರ್ಥಶಾಸ್ತ್ರಜ್ಞರೂ ಇದರ ಬೆನ್ನು ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ.

ನನ್ನ ಪರದೆಯ ಮೇಲೆ ಮಾತ್ರ ರಂಗೋಲಿ ಬಲಕ್ಕೂ ಕೆಳಕ್ಕೂ ವಾಲಿಕೊಂಡು, ಯಾರೋ ತುಳಿದುಹೋದ ಹಾಗೆ ಕಾಣುತ್ತಿತ್ತು. ಕಾರಣ ಸಿಕ್ಕಾಗ ನಗು ಬಂತು. ಹಳೆಯ ಹಾಸಿನ ಪ್ರತಿ ಇಟ್ಟುಕೊಳ್ಳದೆ, ಒಂದೇ ಹಾಸಿನಲ್ಲಿ ಮನೆಮನೆಯನ್ನೂ ಬದಲಿಸುತ್ತ ಹೋಗಿದ್ದೆ. ಮೊದಲ ಮನೆಯವನು ಬದಲಾದದ್ದನ್ನು ನೋಡಿ ಎರಡನೆಯವನು ನಿರ್ಧರಿಸುತ್ತಿದ್ದ. ನೊವಾಕ್-ಮೇ ಲೋಕದಲ್ಲಿ ಹಾಗಿಲ್ಲ. ಅಲ್ಲಿ ಬೀದಿಯವರೆಲ್ಲ ಒಟ್ಟಿಗೆ ಮಲಗಿ, ಒಟ್ಟಿಗೆ ಎದ್ದು, ನಿನ್ನೆ ಕಂಡದ್ದರ ಮೇಲೆ ಒಂದೇ ಕ್ಷಣದಲ್ಲಿ ಬದಲಾಗುತ್ತಾರೆ.

ನಾನು ಪೆದ್ದನಾಗಿ ಮಾಡಿದ್ದನ್ನು ಇಬ್ಬರು ಬುದ್ಧಿವಂತರು 1993ರಲ್ಲಿ ಬೇಕೆಂದೇ ಮಾಡಿದ್ದರು. ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದ ಬರ್ನಾರ್ಡೊ ಹ್ಯೂಬರ್ಮನ್ ಮತ್ತು ನಟಾಲಿ ಗ್ಲಾನ್ಸ್. ಅವರು ಕೇಳಿದ್ದು ಸರಳ ಪ್ರಶ್ನೆ: ನಿಜ ಲೋಕದಲ್ಲಿ ಎಲ್ಲರನ್ನೂ ಒಟ್ಟಿಗೆ ಎಬ್ಬಿಸುವ ಗಡಿಯಾರ ಎಲ್ಲಿದೆ? ಆಟದ ನಿಯಮ ಅದೇ, ಅಂಕ ಅದೇ. ಆದರೆ ಒಬ್ಬೊಬ್ಬರಾಗಿ, ಗೊತ್ತುಗುರಿಯಿಲ್ಲದ ಸರದಿಯಲ್ಲಿ ಬದಲಾಗಲಿ ಎಂದರು. ನೂರರ ಆಸುಪಾಸಿನ ಸುತ್ತುಗಳಲ್ಲಿ ಇಡೀ ಊರು ಕೈಕೊಡುವವರದ್ದಾಯಿತು. ಸಹಕಾರವೂ ಇಲ್ಲ, ರಂಗೋಲಿಯೂ ಇಲ್ಲ.

ಅಂದರೆ ನೊವಾಕ್ ಮತ್ತು ಮೇ ತಪ್ಪು ಮಾಡಿದ್ದರೇ? ಅವರ ಪ್ರೋಗ್ರಾಮು ಸರಿಯಾಗಿಯೇ ಇತ್ತು. ಸೆಬಾಸ್ಟಿಯನ್ ಬೋನ್‌ಹೋಫರ್ ಅವರನ್ನೂ ಸೇರಿಸಿಕೊಂಡು 1994ರಲ್ಲಿ ಉತ್ತರ ಕೊಟ್ಟರು: ಒಬ್ಬೊಬ್ಬರಾಗಿ ಬದಲಾದರೂ, ಕೈಕೊಡುವುದರ ಲಾಭ ಬೇರೆ ಮಟ್ಟದಲ್ಲಿದ್ದರೆ ಸಹಕಾರ ಉಳಿಯುತ್ತದೆ. ನಿಜವೇ. ಆದರೆ ನನಗನ್ನಿಸುವುದು, ಆ ಜಗಳದಲ್ಲಿ ಹ್ಯೂಬರ್ಮನ್ ಮತ್ತು ಗ್ಲಾನ್ಸ್ ಗೆದ್ದದ್ದೇ ಹೆಚ್ಚು. ಅಲ್ಲಿಯವರೆಗೆ ಪ್ರೋಗ್ರಾಮರನ ಅನುಕೂಲ ಅಂದುಕೊಂಡಿದ್ದ ಒಂದು ಸಂಗತಿ ಅವತ್ತಿನಿಂದ ಸಿದ್ಧಾಂತದ ಭಾಗವಾಯಿತು.

1996ರಲ್ಲಿ ರಾಬರ್ಟ್ ಆಕ್ಸ್‌ಟೆಲ್, ರಾಬರ್ಟ್ ಆಕ್ಸೆಲ್‌ರಾಡ್, ಜೋಶುವಾ ಎಪ್‌ಸ್ಟೈನ್ ಮತ್ತು ಮೈಕೆಲ್ ಕೊಹೆನ್ ಇನ್ನೊಂದು ಹೆಜ್ಜೆ ಇಟ್ಟರು. ಆಕ್ಸೆಲ್‌ರಾಡರ ಸಂಸ್ಕೃತಿ ಹರಡುವ ಮಾದರಿಯನ್ನು ಎಪ್‌ಸ್ಟೈನ್-ಆಕ್ಸ್‌ಟೆಲ್ ಕಟ್ಟಿದ್ದ ಶುಗರ್‌ಸ್ಕೇಪ್ ಎಂಬ ಬೇರೆಯೇ ವ್ಯವಸ್ಥೆಯಲ್ಲಿ ಮರಳಿ ಬರೆದು ಹೋಲಿಸಿದರು. ಇಲ್ಲೂ ತೊಡಕಾದದ್ದು ಸರದಿಯೇ. ಒಂದರಲ್ಲಿ ಪ್ರತಿ ಸಲ ಚೀಟಿ ಎತ್ತಿ ಮತ್ತೆ ಡಬ್ಬಿಗೇ ಹಾಕುವ ಪದ್ಧತಿ, ಹಾಗಾಗಿ ಒಬ್ಬನ ಸರದಿ ಎರಡು ಸಲ ಬಂದು ಇನ್ನೊಬ್ಬನದು ಬಾರದೆಯೂ ಇರಬಹುದು. ಇನ್ನೊಂದರಲ್ಲಿ ಒಂದು ಸುತ್ತಿಗೆ ಎಲ್ಲರಿಗೂ ತಪ್ಪದೆ ಒಂದೊಂದು ಸರದಿ. ಎರಡು ಮಾದರಿ ಹೊಂದುತ್ತವೆ ಎಂದರೆ ಏನರ್ಥ ಎಂದೂ ಅವರು ವಿಂಗಡಿಸಿದರು: ಅಂಕಿ ಅಂಕಿಯೂ ಒಂದೇ ಬರುವುದು, ಅಂಕಿಗಳ ಹರವು ಒಂದೇ ಇರುವುದು, ಇಲ್ಲವೇ ಇದು ಏರಿದರೆ ಅದು ಇಳಿಯುತ್ತದೆ ಎಂಬ ಸಂಬಂಧವಷ್ಟೇ ಒಂದೇ ಇರುವುದು.

ನನಗೆ ತುಂಬ ಇಷ್ಟವಾದ ಕಥೆ ಮಾತ್ರ ಮುಂದಿನದು. 2001ರಲ್ಲಿ ರಿಯೊಲೊ, ಕೊಹೆನ್ ಮತ್ತು ಆಕ್ಸೆಲ್‌ರಾಡ್ ನೇಚರ್‌ನಲ್ಲಿ ಬರೆದರು: ಕೊಟ್ಟವನಿಗೆ ಮರಳಿ ಕೊಡುವ ಮಾತೇ ಇಲ್ಲದೆಯೂ ಸಹಕಾರ ಹುಟ್ಟಬಹುದು. ಅಲ್ಲಿ ಪ್ರತಿಯೊಬ್ಬನಿಗೂ ಒಂದು ಗುರುತಿನ ಸಂಖ್ಯೆ, ಒಂದು ಸಹನೆಯ ಮಿತಿ. ಎದುರಿಗಿರುವವನ ಗುರುತಿಗೂ ತನ್ನದಕ್ಕೂ ಇರುವ ಅಂತರ ಆ ಮಿತಿಯಷ್ಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಹಾಯ. 'ಅಷ್ಟು ಅಥವಾ ಕಡಿಮೆ' ಎಂಬುದನ್ನು ನೆನಪಿಟ್ಟುಕೊಳ್ಳಿ.

ಬ್ರೂಸ್ ಎಡ್ಮಂಡ್ಸ್ ಮತ್ತು ಡೇವಿಡ್ ಹೇಲ್ಸ್ ಇದನ್ನು ಮರಳಿ ಬರೆದಾಗ ಫಲಿತಾಂಶ ಹೊಂದಲಿಲ್ಲ. ತಪ್ಪು ತಮ್ಮದಿರಬಹುದೆಂದು ಬೇರೆಯಾಗಿ ಎರಡನೇ ಸಲ ಬರೆದರು. ಅವೆರಡೂ ಒಂದಕ್ಕೊಂದು ಹೊಂದಿದವು, ಮೂಲಕ್ಕೆ ಮಾತ್ರ ಹೊಂದಲಿಲ್ಲ! ಹುಡುಕಿದಾಗ ಸಿಕ್ಕಿದ್ದೇನೆಂದರೆ, ಇಬ್ಬರ ಅಂಕ ಸರಿಸಮ ಬಂದಾಗ ಮುಂದಿನ ಪೀಳಿಗೆಗೆ ಯಾರ ನಕಲು ಹೋಗಬೇಕು ಎಂಬುದನ್ನು ಪ್ರಬಂಧ ಸ್ಪಷ್ಟವಾಗಿ ಹೇಳಿರಲಿಲ್ಲ. ಆಮೇಲೆ 'ಅಷ್ಟು ಅಥವಾ ಕಡಿಮೆ'ಯನ್ನು 'ಕಡಿಮೆ' ಎಂದಷ್ಟೇ ಮಾಡಿ ನೋಡಿದರು. ಸಹಕಾರ ಕುಸಿದುಬಿತ್ತು. ಯೋಚಿಸಿದರೆ ಗೊತ್ತಾಗುತ್ತದೆ: ಸಹನೆ ಸೊನ್ನೆ ಇದ್ದವನೂ ಮೂಲ ನಿಯಮದಲ್ಲಿ ತನ್ನದೇ ಗುರುತಿನ ನಕಲಿಗೆ ಸಹಾಯ ಮಾಡಲೇಬೇಕು. ಮಾಡದಿರುವ ದಾರಿಯೇ ಇಲ್ಲ. ಅಲ್ಲಿಗೆ ಅದು ಹುಟ್ಟಿಬಂದ ಸಹಕಾರವೋ, ಕಟ್ಟಿಹಾಕಿದ ಸಹಕಾರವೋ? ರಾಬರ್ಟ್ಸ್ ಮತ್ತು ಶೆರಟ್ 2002ರಲ್ಲೇ ನೇಚರ್‌ನಲ್ಲಿ ಈ ಆಕ್ಷೇಪ ಎತ್ತಿದ್ದರು. ಎಡ್ಮಂಡ್ಸ್ ಮತ್ತು ಹೇಲ್ಸ್ ತಮ್ಮ 2003ರ ಪ್ರಬಂಧದ ತಲೆಬರಹದಲ್ಲಿ ಮರುಸೃಷ್ಟಿ ಎಂಬ ಅರ್ಥದ ಒಂದೇ ಪದವನ್ನು ಮೂರು ಸಲ ಬರೆದಿದ್ದಾರೆ. ಅವರ ಸುಸ್ತು ನನಗೆ ಅರ್ಥವಾಗುತ್ತದೆ.

2006ರಲ್ಲಿ ಫೋಲ್ಕರ್ ಗ್ರಿಮ್ ಮತ್ತು ಸಂಗಡಿಗರು ಮಾದರಿಗಳನ್ನು ವಿವರಿಸಲು ಓಡಿಡಿ ಎಂಬ ಒಂದು ಚೌಕಟ್ಟು ತಂದರು. ಯಾರು ಯಾವಾಗ ಯಾವ ಸರದಿಯಲ್ಲಿ ಎಂಬುದನ್ನು ಬರೆಯಲು ಅದರಲ್ಲಿ ಜಾಗವಿದೆ. 2020ರಲ್ಲಿ ನಮ್ಮ ಐಐಎಸ್‌ಸಿ ಮತ್ತು ಟಿಐಎಫ್‌ಆರ್ ಜನ ಬೆಂಗಳೂರು, ಮುಂಬಯಿಗಳಿಗೆ ಕೊರೋನಾದ ಇಂಥದ್ದೇ ಸಿಮ್ಯುಲೇಟರ್ ಕಟ್ಟಿದಾಗ ಅದರ ಕೋಡನ್ನೂ ಎಲ್ಲರಿಗೂ ಕಾಣುವಂತೆ ಹಾಕಿದರು.

ನನ್ನ ಬಗ್ಗೆ ಹೇಳದಿದ್ದರೆ ತಪ್ಪಾದೀತು. ವರ್ಷಗಳ ಹಿಂದೆ ಕೆಲಸದಲ್ಲಿ ಕೌಂಟರಿನ ಸಾಲು ಎಷ್ಟುದ್ದ ಬೆಳೆಯುತ್ತದೆ ಎಂದು ಒಂದು ಸಿಮ್ಯುಲೇಷನ್ ಮಾಡಿದ್ದೆ. ನನ್ನ ಗ್ರಾಫ್ ನೋಡಿ ಒಂದು ಕೌಂಟರ್ ಕಡಿಮೆ ಮಾಡಿದರು. ಆರು ತಿಂಗಳ ನಂತರ ಅದೇ ಗ್ರಾಫ್ ಮತ್ತೆ ಬೇಕು ಎಂದಾಗ ನನ್ನಿಂದ ತೆಗೆಯಲಾಗಲಿಲ್ಲ. ರ‍್ಯಾಂಡಮ್ ಸಂಖ್ಯೆಗಳ ಸೀಡ್ ಬರೆದಿಟ್ಟಿರಲಿಲ್ಲ, ಕೋಡನ್ನೂ ನಡುವೆ ತಿದ್ದಿದ್ದೆ. ಹತ್ತು ಸಲ ಓಡಿಸಿದರೆ ನಾಲ್ಕು ಸಲ ಸಾಲು ಬಾಗಿಲಾಚೆ ಹೋಗುತ್ತಿತ್ತು. ಯಾರೂ ಬೈಯಲಿಲ್ಲ, ಆ ಕೌಂಟರೂ ಮತ್ತೆ ತೆರೆಯಲಿಲ್ಲ.

ಶನಿವಾರದ ಪ್ರೋಗ್ರಾಮಿನ ಎರಡೂ ಆವೃತ್ತಿಗಳನ್ನು ಇಟ್ಟುಕೊಂಡಿದ್ದೇನೆ, ಸೀಡ್ ಸಮೇತ. ಯಾರಿಗಾದರೂ ಬೇಕಿದ್ದರೆ ಕೇಳಿ, ಕಳಿಸುತ್ತೇನೆ. ನಿಮ್ಮಲ್ಲಿ ಬೇರೆ ಚಿತ್ರ ಬಂದರೆ ದಯವಿಟ್ಟು ತಿಳಿಸಿ.