ದೃಶ್ಯಪಾಠ: ಉಪಗ್ರಹದಿಂದ ಯೂಟ್ಯೂಬಿಗೆ

ಕನ್ನಡದಲ್ಲಿ ದೃಶ್ಯಪಾಠದ ಚರಿತ್ರೆ ಯೂಟ್ಯೂಬಿಗಿಂತ ಮೂರು ದಶಕ ಹಳೆಯದು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಟಿ.ವಿ. ಪಾಠದ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ಉತ್ತರ ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು; ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಶಿಕ್ಷಣಕ್ಕೆಂದೇ ರೂಪಿಸಿದ ಎಜುಸ್ಯಾಟ್ ಉಪಗ್ರಹದ ಉಡಾವಣೆಯಾಯಿತು. ರಾಜ್ಯದಲ್ಲಿ ಅದರ ಪಾಠಗಳನ್ನು ಮೊದಲು ಕಂಡ ಪ್ರಾಥಮಿಕ ಶಾಲೆಗಳು ಗಡಿಜಿಲ್ಲೆ ಚಾಮರಾಜನಗರದವು.

ಇವೆರಡಕ್ಕೂ ಒಂದೇ ಕೊರತೆ: ಪ್ರಸಾರದ ಹೊತ್ತು ತಪ್ಪಿದರೆ ಪಾಠವೂ ತಪ್ಪುತ್ತಿತ್ತು. 2005ರಲ್ಲಿ ಆರಂಭವಾದ ಯೂಟ್ಯೂಬ್ ಈ ಕಟ್ಟನ್ನು ಬಿಡಿಸಿತು. ಅರ್ಥವಾಗದ ಲೆಕ್ಕವನ್ನು ನಿಲ್ಲಿಸಿ, ಹಿಂದಕ್ಕೆ ಸರಿಸಿ ಮತ್ತೆ ನೋಡುವುದು ಸಾಧ್ಯವಾಯಿತು. ನಿಧಾನವಾಗಿ ಕಲಿಯುವ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

2020ರಲ್ಲಿ ಕೋವಿಡ್ ಶಾಲೆಗಳನ್ನು ಮುಚ್ಚಿಸಿದಾಗ ಶಿಕ್ಷಣ ಇಲಾಖೆ ‘ಮಕ್ಕಳ ವಾಣಿ’ ಯೂಟ್ಯೂಬ್ ವಾಹಿನಿ ತೆರೆಯಿತು. ಜುಲೈ 20ರಿಂದ ಪ್ರೌಢಶಾಲಾ ಮಕ್ಕಳಿಗಾಗಿ ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಶುರುವಾದವು; ಅವು ಯೂಟ್ಯೂಬಿನಲ್ಲೂ ಸಿಕ್ಕವು. ಮದ್ದೂರು ತಾಲ್ಲೂಕಿನ ಕೊಪ್ಪದಂಥ ಕಬ್ಬಿನ ಸೀಮೆಯ ಊರುಗಳಿಗೂ ಬೆಂಗಳೂರಿಗೂ ಒಂದೇ ಪಾಠ. ಫೋನು, ಡೇಟಾ ಮಾತ್ರ ಎಲ್ಲ ಮನೆಗೂ ಒಂದೇ ಆಗಿರಲಿಲ್ಲ. ಆ ಅಂತರ ತುಂಬಲು ಬಂದ ‘ವಿದ್ಯಾಗಮ’ದಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ, ಗುಡಿ ಜಗಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ವಿಡಿಯೊ ಶಿಕ್ಷಕರಿಗೆ ನೆರವಾಯಿತೇ ಹೊರತು ಅವರ ಜಾಗವನ್ನು ತುಂಬಲಿಲ್ಲ.