ಸಂಬಳವಿಲ್ಲದ ನಾಯಕರು: ನಮ್ಮ ಭಾಗದ ಸೇವಾದಳ ಮತ್ತು ಸ್ಕೌಟ್ ಚಳವಳಿ

ನಮ್ಮ ಸಂಘದ ರಜತ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಸಾಲ, ಠೇವಣಿ, ವಸೂಲಿಯ ವಿಷಯವನ್ನು ಬಲ್ಲವರು ಬರೆಯುತ್ತಾರೆ, ನಾನು ದಳದ ವಿಷಯ ಬರೆಯುತ್ತೇನೆಂದು ಒಪ್ಪಿಕೊಂಡೆ. "ದಳ ಅಂದ್ರ ಯಾವ ಪಕ್ಷದ್ದರೀ ಮಾಸ್ತರ?" ಎಂದು ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಚೇಷ್ಟೆ ಮಾಡಿದರು. ಪಕ್ಷದ ದಳವಲ್ಲ. ಶಾಲೆಯ ಬಯಲಿನಲ್ಲಿ ಸೀಟಿ ಊದಿ, ಹುಡುಗರನ್ನು ಸಾಲಾಗಿ ನಿಲ್ಲಿಸಿ, ಧ್ವಜ ಕಟ್ಟುವುದನ್ನೂ ಗಾಯಕ್ಕೆ ಪಟ್ಟಿ ಸುತ್ತುವುದನ್ನೂ ಕಲಿಸುವ ಸೇವಾದಳ ಮತ್ತು ಸ್ಕೌಟ್ ದಳಗಳ ಮಾತು ಇದು. ಇವೆರಡರ ಮೂಲ ಬೇರೆ ಬೇರೆ. ಆದರೆ ನಮ್ಮ ಹಳ್ಳಿಗಳಲ್ಲಿ ಜನ ಎರಡಕ್ಕೂ ದಳ ಎಂದೇ ಅನ್ನುತ್ತಾರೆ. ಎರಡೂ ನಿಂತಿರುವುದು ಸಂಬಳ ಪಡೆಯದೆ ದುಡಿಯುವ ಒಬ್ಬ ನಾಯಕನ ಮೇಲೆ.

ಸಹಕಾರಿ ಸಂಘದ ಪುಸ್ತಕದಲ್ಲಿ ಇದೆಂಥ ವಿಷಯ ಎಂದು ಯಾರೂ ಹುಬ್ಬು ಹಾರಿಸಬೇಕಾಗಿಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದಾಗ ಅವರಿಗೇನು ಪಗಾರ ಇತ್ತೇ? ಊರಿನ ಒಬ್ಬ ಮನುಷ್ಯ ತನ್ನ ಕೆಲಸ ಬದಿಗಿಟ್ಟು ಹತ್ತು ಜನರ ಕೆಲಸಕ್ಕೆ ನಿಂತದ್ದರಿಂದ ಆ ಸಂಘ ಹುಟ್ಟಿತು. ಅದಾದ ಹದಿನೆಂಟು ವರ್ಷಕ್ಕೆ ಅದೇ ಸೀಮೆಯಿಂದ, ಹುಬ್ಬಳ್ಳಿಯಿಂದ, ತರುಣರನ್ನು ಕಟ್ಟುವ ಇನ್ನೊಂದು ದೊಡ್ಡ ಕೆಲಸ ಹೊರಟಿತು. ಅದನ್ನು ಹೊರಡಿಸಿದವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್.

ಹರ್ಡೀಕರರು 1889ರ ಮೇ 7ರಂದು ಧಾರವಾಡದಲ್ಲಿ ಜನಿಸಿದರು. ಕಲಕತ್ತೆಯಲ್ಲಿ ವೈದ್ಯಕೀಯ ಓದಿ, 1913ರಲ್ಲಿ ಅಮೇರಿಕೆಗೆ ಹೋಗಿ, ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಪದವಿ ಪಡೆದರು. ಅಲ್ಲಿಯೇ ಲಾಲಾ ಲಜಪತರಾಯರ ಜೊತೆಗೂಡಿ ಭಾರತದ ಸ್ವರಾಜ್ಯಕ್ಕಾಗಿ ಕೆಲಸ ಮಾಡಿದರು. ಅಷ್ಟು ಕಲಿತವರು ದವಾಖಾನೆ ತೆರೆದು ಸುಖವಾಗಿ ಇರಬಹುದಿತ್ತು. 1921ರಲ್ಲಿ ತಿರುಗಿ ಬಂದವರು ಹುಬ್ಬಳ್ಳಿಯಲ್ಲಿ ಸೇವಾ ಮಂಡಳವನ್ನು ಕಟ್ಟಿ ತರುಣರಿಗೆ ಶಿಸ್ತು ಕಲಿಸಲು ನಿಂತರು.

ಆ ಶಿಸ್ತಿನ ಪರೀಕ್ಷೆ ಬೇಗನೆ ಬಂತು. 1923ರಲ್ಲಿ ನಾಗಪುರದಲ್ಲಿ ಝೇಂಡಾ ಸತ್ಯಾಗ್ರಹ ನಡೆಯಿತು. ರಾಷ್ಟ್ರಧ್ವಜ ಹಿಡಿದು ಮೆರವಣಿಗೆ ಹೋಗುವುದಕ್ಕೆ ಸರಕಾರ ಅಡ್ಡಿ ಮಾಡಿದ್ದರಿಂದ ದೇಶದ ನಾಲ್ಕೂ ದಿಕ್ಕಿನಿಂದ ಸ್ವಯಂಸೇವಕರು ಅಲ್ಲಿಗೆ ಹೋಗಿ ಕೈದಾದರು. ಜೈಲು ಎಂದರೆ ಇಂದಿನ ಜೈಲಲ್ಲ. ಅಲ್ಲಿಯ ಕಾಟ ತಾಳದೆ ಎಷ್ಟೋ ಜನ ಕ್ಷಮಾಪಣೆ ಬರೆದುಕೊಟ್ಟು ಹೊರಗೆ ಬಂದರು. ಅವರನ್ನು ನಾವು ಇಲ್ಲಿ ಕುಳಿತು ಹಳಿಯುವುದು ಸಲ್ಲ. ಆದರೆ ಹರ್ಡೀಕರರ ಜೊತೆ ಹೋಗಿದ್ದ ಹುಬ್ಬಳ್ಳಿಯ ಹುಡುಗರು ಬರೆದುಕೊಡಲಿಲ್ಲ. ಎಲ್ಲರಂತೆ ಅವರೂ ಅರೆಹೊಟ್ಟೆ ಉಂಡ ತರುಣರೇ. ವ್ಯತ್ಯಾಸ ಇದ್ದದ್ದು ಒಂದೇ: ಅವರಿಗೆ ಮೊದಲೇ ತರಬೇತಿಯಾಗಿತ್ತು, ಮತ್ತು ತರಬೇತಿ ಕೊಟ್ಟ ನಾಯಕ ಅವರ ಸಂಗಡ ಅದೇ ಜೈಲಿನಲ್ಲಿದ್ದ. ಈ ಸಂಗತಿ ಕಾಂಗ್ರೆಸ್ಸಿನ ಹಿರಿಯರ ಕಣ್ಣಿಗೆ ಬಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡ ಅಧಿವೇಶನದ ಕಾಲಕ್ಕೆ ಹಿಂದುಸ್ತಾನಿ ಸೇವಾದಳ ಸ್ಥಾಪನೆಯಾಯಿತು. ಮೊದಲ ಅಧ್ಯಕ್ಷರು ಪಂಡಿತ ಜವಾಹರಲಾಲ ನೆಹರೂ.

ಎಲ್ಲರೂ ಒಮ್ಮೆಲೇ ಹೂಂ ಅಂದರೆಂದು ತಿಳಿಯಬಾರದು. ಅಹಿಂಸೆಯ ಚಳವಳಿಗೆ ಕವಾಯತು ಏಕೆ, ಹೆಜ್ಜೆ ಕೂಡಿಸಿ ನಡೆಯುವುದು ಸಿಪಾಯಿಗಳ ಕೆಲಸವಲ್ಲವೇ ಎಂದು ವಿರೋಧಿಸಿದವರು ಕಾಂಗ್ರೆಸ್ಸಿನಲ್ಲಿಯೇ ಇದ್ದರು. ನೆಹರೂ ಅವರು ತಮ್ಮ ಆತ್ಮಚರಿತ್ರೆಯಲ್ಲಿ ಈ ವಿರೋಧವನ್ನು ಪ್ರಸ್ತಾಪಿಸಿದ್ದಾರೆ. ಉತ್ತರ ಮುಂದಿನ ವರ್ಷ ಬೆಳಗಾವಿಯಲ್ಲಿ ಸಿಕ್ಕಿತು. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಅಲ್ಲಿ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾದದ್ದು ಅದೊಂದೇ ಅಧಿವೇಶನಕ್ಕೆ. ಸಾವಿರಾರು ಜನ ಡೇರೆಗಳಲ್ಲಿ ಇಳಿದಿದ್ದರು. ಜನರನ್ನು ಸಾಲು ಹಿಡಿಸುವುದು, ನೀರು ಒದಗಿಸುವುದು, ಕಸ ಗುಡಿಸುವುದು, ಪಾಯಿಖಾನೆ ಶುಚಿ ಮಾಡುವುದು ಎಲ್ಲವೂ ಸ್ವಯಂಸೇವಕರ ಪಾಲಿಗೆ ಬಂತು. ಕೆಳಗಿನ ಕೆಲಸ ಎಂದು ಮೂಗು ಮುರಿಯುವವರಿಂದ ಇದು ಆಗುತ್ತಿರಲಿಲ್ಲ. ಕವಾಯತಿನ ಅರ್ಥ ಇದೇ ಎಂದು ಆಗ ಜನಕ್ಕೆ ತಿಳಿಯಿತು.

ಅದೇ ಅಧಿವೇಶನಕ್ಕೆ ಶ್ರೀಮತಿ ಉಮಾಬಾಯಿ ಕುಂದಾಪುರ ಅವರು 150ಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರನ್ನಾಗಿ ಕೂಡಿಸಿ ತಂದಿದ್ದರು. ಅವರಲ್ಲಿ ವಿಧವೆಯರೂ ಇದ್ದರು. ಹೆಣ್ಣುಮಗಳು ಹೊಸ್ತಿಲು ದಾಟಿದರೆ ಊರು ಮಾತಾಡುತ್ತಿದ್ದ ಕಾಲ ಅದು. ಚಿಕ್ಕ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡಿದ್ದ ಉಮಾಬಾಯಿಯವರೇ ಸೇವಾದಳದ ಮಹಿಳಾ ವಿಭಾಗದ ಮುಖ್ಯಸ್ಥೆಯಾದರು. 1932ರಲ್ಲಿ ಜೈಲಿಗೂ ಹೋದರು. ನೂರು ವರ್ಷದ ತುಂಬು ಬಾಳು ಬಾಳಿ 1992ರಲ್ಲಿ ತೀರಿಕೊಂಡರು. ನಮ್ಮ ಭಾಗದ ಹೆಣ್ಣುಮಕ್ಕಳ ದಳಗಳಲ್ಲಿ ಇವರ ಫೋಟೋ ನಾನು ಎಲ್ಲಿಯೂ ನೋಡಿಲ್ಲ. ಇರಬೇಕಾಗಿತ್ತು.

ಇನ್ನು ನಮ್ಮ ಬಾಗಲಕೋಟೆಯ ಮಾತು. ಆಗ ಅದು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ಬಾದಾಮಿ, ಹುನಗುಂದ, ಇಳಕಲ್ಲ ಎಲ್ಲವೂ ಅದರಲ್ಲೇ. ಸೇವಾದಳದವರು ತರಬೇತಿ ಕೇಂದ್ರ ತೆರೆಯಲು ಆರಿಸಿಕೊಂಡ ಸ್ಥಳಗಳಲ್ಲಿ ಬಾಗಲಕೋಟೆ ಒಂದು. ಅಂಗಸಾಧನೆ, ಲಾಠಿ, ಕವಾಯತು, ಪ್ರಥಮ ಚಿಕಿತ್ಸೆ, ಸಾಮೂಹಿಕ ಗಾಯನ ಇವು ದಳದ ಪಾಠಗಳಾಗಿದ್ದವು. ಇಲ್ಲಿ ತಯಾರಾಗಬೇಕಾದವರು ಬರೀ ಸ್ವಯಂಸೇವಕರಲ್ಲ, ತಮ್ಮ ತಮ್ಮ ಊರಿಗೆ ತಿರುಗಿ ಹೋಗಿ ಇತರರಿಗೆ ಕಲಿಸುವ ನಾಯಕರು. ಹುಡುಗರು ಎಲ್ಲ ಊರಲ್ಲೂ ಸಿಗುತ್ತಾರೆ, ಕಲಿಸುವವರು ಸಿಗುವುದಿಲ್ಲ ಎಂಬುದು ಹರ್ಡೀಕರರಿಗೆ ತಿಳಿದಿತ್ತು. ಪ್ರತಿ ತಿಂಗಳ ಕಡೆಯ ರವಿವಾರ ಬೆಳಿಗ್ಗೆ 8 ಗಂಟೆಗೆ ಧ್ವಜವಂದನೆ ಮಾಡುವ ಪದ್ಧತಿಯನ್ನು ಊರೂರಿಗೆ ಹಬ್ಬಿಸಿದ್ದೂ ಸೇವಾದಳವೇ. 1932ರಲ್ಲಿ ಬ್ರಿಟಿಷ್ ಸರಕಾರ ದಳವನ್ನು ನಿಷೇಧಿಸಿತು. ಸೀಟಿ ಊದುವ ಹುಡುಗರಿಗೆ ಸರಕಾರ ಹೆದರಿತೆಂದರೆ ನಗಬೇಕೋ ಹೆಮ್ಮೆಪಡಬೇಕೋ!

ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಈಗ ದೇಶದ ಸರಕಾರಿ ಕಟ್ಟಡಗಳ ಮೇಲೆ ಹಾರುವ ಖಾದಿ ರಾಷ್ಟ್ರಧ್ವಜಗಳನ್ನು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ತಯಾರಿಸುತ್ತದೆ. ಅದಕ್ಕೆ ಬೇಕಾದ ಬಟ್ಟೆ ನೇಯುವ ಊರುಗಳಲ್ಲಿ ನಮ್ಮ ಬಾಗಲಕೋಟೆ ಹತ್ತಿರದ ತುಳಸಿಗೇರಿಯೂ ಒಂದು. ಧ್ವಜ ಕಟ್ಟಲು ಕಲಿಸಿದ ಸೀಮೆಯೇ ಧ್ವಜದ ಬಟ್ಟೆಯನ್ನೂ ನೇಯುತ್ತಿದೆ. ತುಳಸಿಗೇರಿ ಹನುಮಪ್ಪನ ಗುಡಿಗೆ ಹೋಗುವವರು ಇದನ್ನೂ ನೆನಪಿಡಬೇಕು.

ಸ್ವಾತಂತ್ರ್ಯ ಬಂದ ಮೇಲೆ ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು. 1975ರಲ್ಲಿ ನಿಧನರಾದರು. ಅವರು ಹಚ್ಚಿದ ದೀಪ ಭಾರತ ಸೇವಾದಳ ಎಂಬ ಹೆಸರಿನಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಉಳಿದುಕೊಂಡು ಬಂದಿದೆ. ಅವರ ಗರಡಿಯಲ್ಲಿ ಪಳಗಿದವರಲ್ಲಿ ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಎಸ್. ಎನ್. ಸುಬ್ಬರಾವ್ ಅವರೂ ಒಬ್ಬರು. ಜೀವನಪೂರ್ತಿ ಖಾಕಿ ಅರ್ಧಚಡ್ಡಿ, ಬಿಳಿ ಖಾದಿ ಅಂಗಿ ತೊಟ್ಟು ದೇಶದ ಮೂಲೆಮೂಲೆಗಳಲ್ಲಿ ತರುಣರ ಶಿಬಿರ ನಡೆಸಿದರು. ಎಲ್ಲರಿಗೂ ಅವರು 'ಭಾಯೀಜಿ'. ಮಧ್ಯಪ್ರದೇಶದ ಚಂಬಲ್ ಕಣಿವೆಯಲ್ಲಿ ಜೌರಾ ಎಂಬಲ್ಲಿ ಅವರ ಆಶ್ರಮವಿತ್ತು. 1972ರ ಏಪ್ರಿಲಿನಲ್ಲಿ ಜಯಪ್ರಕಾಶ ನಾರಾಯಣರ ಸಮಕ್ಷಮದಲ್ಲಿ ಡಕಾಯಿತರು ಬಂದೂಕು ಕೆಳಗಿಟ್ಟದ್ದು ಅಲ್ಲಿಯೇ. 2021ರಲ್ಲಿ ಅವರೂ ತೀರಿಕೊಂಡರು. ಹುಡುಗರಿಗೆ ಹಾಡು ಕಲಿಸುತ್ತಾ ತಿರುಗುವವನಿಂದ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಈ ಹೆಸರು ಹೇಳುತ್ತೇನೆ.

ಸ್ಕೌಟ್ ಚಳವಳಿಯ ಕಥೆ ಬೇರೆ. 1907ರಲ್ಲಿ ಇಂಗ್ಲೆಂಡಿನಲ್ಲಿ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ ಬ್ರೌನ್‌ಸೀ ಎಂಬ ನಡುಗಡ್ಡೆಯಲ್ಲಿ ಸುಮಾರು ಇಪ್ಪತ್ತು ಹುಡುಗರ ಶಿಬಿರ ಮಾಡಿದ. ಎರಡೇ ವರ್ಷಕ್ಕೆ, 1909ರಲ್ಲಿ, ಅದು ಬೆಂಗಳೂರಿಗೆ ಬಂತು. ಆದರೆ ಮೊದಮೊದಲು ನಮ್ಮ ಮಕ್ಕಳಿಗೆ ಅದರಲ್ಲಿ ಪ್ರವೇಶವಿರಲಿಲ್ಲ, ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಷ್ಟೇ. ಆಗ ಮದ್ರಾಸಿನಲ್ಲಿ ಆ್ಯನಿ ಬೆಸೆಂಟ್, ಉತ್ತರದಲ್ಲಿ ಪಂಡಿತ ಮದನ ಮೋಹನ ಮಾಳವೀಯರು ನಮ್ಮ ಮಕ್ಕಳಿಗಾಗಿಯೇ ಸಂಸ್ಥೆಗಳನ್ನು ಕಟ್ಟಿದರು. ಹೀಗೆ ಹರಿದು ಹಂಚಿದ್ದು ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂದು ಒಂದಾಯಿತು. 1951ರಲ್ಲಿ ಗೈಡ್‌ಗಳೂ ಕೂಡಿಕೊಂಡರು.

ಈ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಒಂದು. ಆರರಿಂದ ಎಂಟು ಹುಡುಗರ ಒಂದು ಗುಂಪು, ಅದಕ್ಕೆ ಪೆಟ್ರೋಲ್ ಎನ್ನುತ್ತಾರೆ (ಮೋಟಾರ್ ಸೈಕಲ್ಲಿಗೆ ಹಾಕುವುದಲ್ಲ!). ಆ ಗುಂಪಿಗೆ ಹುಡುಗರಲ್ಲೇ ಒಬ್ಬ ಮುಖಂಡ. ಹಿರಿಯನಾದ ಸ್ಕೌಟ್ ಮಾಸ್ತರ ಎಲ್ಲವನ್ನೂ ತಾನೇ ಮಾಡಬಾರದು. ಶಿಬಿರದಲ್ಲಿ ಅನ್ನ ಸೀದರೆ ಸೀಯಲಿ, ಹುಡುಗರೇ ಉಣ್ಣಲಿ, ಮರುದಿನ ಸರಿಯಾಗಿ ಬೇಯಿಸುತ್ತಾರೆ. ಸುಮ್ಮನೆ ನಿಂತು ನೋಡುವ ಈ ಕೆಲಸ ಬಲು ಕಷ್ಟದ್ದು. ಅದಕ್ಕೆಂದೇ ನಾಯಕರಿಗೂ ತರಬೇತಿ ಇದೆ. ಮೂಲ ತರಬೇತಿ, ಮುಂದುವರಿದ ತರಬೇತಿ, ಆಮೇಲೆ ಹಿಮಾಲಯ ವುಡ್ ಬ್ಯಾಡ್ಜ್. ಅದನ್ನು ಮುಗಿಸಿದವರಿಗೆ ಸಿಗುವುದು ಬಂಗಾರದ ಪದಕವಲ್ಲ, ಕೊರಳಿಗೆ ಎರಡು ಕಟ್ಟಿಗೆಯ ಮಣಿ.

ನಾನು ಮಾಸ್ತರಿಕೆಯಲ್ಲಿದ್ದಾಗ ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳಲ್ಲಿ ದಳ ನಡೆಸಿದ್ದೇನೆ. ನಮ್ಮ ಹುಡುಗರಿಗೆ ಗಂಟು ಕಲಿಸುವುದು ಸುಲಭ. ಎತ್ತು ಕಟ್ಟುವ, ಹೊರೆ ಬಿಗಿಯುವ ಗಂಟು ಅವರಿಗೆ ಮೊದಲೇ ಬರುತ್ತದೆ. ಪುಸ್ತಕದಲ್ಲಿರುವ ಇಂಗ್ಲಿಷ್ ಹೆಸರು ಹೇಳಿದರೆ ಬಾಯಿ ಬಿಡುತ್ತಾರೆ, ಕೈಯಲ್ಲಿ ಹಗ್ಗ ಕೊಟ್ಟರೆ ನಮಗೇ ಕಲಿಸುತ್ತಾರೆ. ಇಳಕಲ್ಲಿನ ನೇಕಾರರ ಹುಡುಗನೊಬ್ಬ, ಸೀರೆಯ ಮೈಗೂ ಸೆರಗಿಗೂ ಎಳೆ ಕೂಡಿಸುವ ಕೊಂಡಿಯನ್ನು ತೋರಿಸಿ, "ಇದು ನಿಮ್ಮ ಪುಸ್ತಕದಾಗ ಐತೇನ್ರೀ ಸರ?" ಎಂದು ಕೇಳಿದ್ದ. ಇರಲಿಲ್ಲ. ಬನಶಂಕರಿ ಜಾತ್ರೆಗೆ ಹುಡುಗರನ್ನು ಕರೆದೊಯ್ದಾಗ ನೀರು ಕೊಡುವುದು, ತಪ್ಪಿಸಿಕೊಂಡ ಕೂಸುಗಳನ್ನು ತಾಯಂದಿರಿಗೆ ಮುಟ್ಟಿಸುವುದು ಅವರ ಕೆಲಸ. ನಾಟಕ ನೋಡಲು ಬಿಡಿ ಎಂದು ರಾತ್ರಿ ಗಂಟುಬೀಳುತ್ತಿದ್ದರು, ಅದು ಬೇರೆ ಮಾತು.

ಆದರೆ ಒಂದು ಶಾಲೆಯಲ್ಲಿ ಐದಾರು ವರ್ಷ ದಳ ಚೆನ್ನಾಗಿ ನಡೆಯುತ್ತದೆ, ಆಮೇಲೆ ಮಾಸ್ತರರಿಗೆ ವರ್ಗವಾಗುತ್ತದೆ. ಹೊಸದಾಗಿ ಬಂದವರಿಗೆ ಆಸಕ್ತಿ ಇರುವುದಿಲ್ಲ, ಇದ್ದರೂ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಂದು ಪುರಸೊತ್ತಿರುವುದಿಲ್ಲ. ಸೀಟಿ, ಹಗ್ಗ, ಕೊರಳ ಸ್ಕಾರ್ಫು ಕಪಾಟು ಸೇರುತ್ತವೆ. ನಾನು ಕಂಡ ದಳಗಳಲ್ಲಿ ನಿಂತುಹೋದವೆಲ್ಲ ಹೀಗೆಯೇ ನಿಂತವು. ಹುಡುಗರು ಬೇಡ ಅಂದದ್ದರಿಂದ ಒಂದೂ ನಿಲ್ಲಲಿಲ್ಲ. ಹರ್ಡೀಕರರ ಕಾಲದಲ್ಲಿ ತರಬೇತಿ ಪಡೆದವನು ತನ್ನ ಊರಿಗೇ ತಿರುಗಿ ಹೋಗುತ್ತಿದ್ದ. ಈಗ ನಾಯಕ ಎಂದರೆ ಸರಕಾರಿ ಶಿಕ್ಷಕನೇ ಆಗಬೇಕೆಂದು ನಾವು ತಿಳಿದಿದ್ದೇವೆ. ಊರಿನವನೇ ಆದ ನಾಯಕನಿಗೆ ವರ್ಗವಿಲ್ಲ.

ಇದರ ಅಗತ್ಯ ಎಷ್ಟೆಂಬುದನ್ನು ಮಲಪ್ರಭೆ ನಮಗೆ ತೋರಿಸಿದ್ದಾಳೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಬಂದ ನೆರೆ, ಆಮೇಲೆ 2019ರ ಆಗಸ್ಟಿನ ನೆರೆ. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತು. ಹೊಳೆದಂಡೆಯ ಹಳ್ಳಿಗಳಲ್ಲಿ ದೋಣಿಯವರು, ಪೊಲೀಸರು ಬರುವ ಮುಂಚೆ ಮುದುಕರನ್ನು ಹೊತ್ತು ತಂದವರು, ದನಗಳ ಕಣ್ಣಿ ಬಿಚ್ಚಿದವರು ಊರ ಹುಡುಗರೇ. ಧೈರ್ಯಕ್ಕೆ ಕೊರತೆ ಇರಲಿಲ್ಲ. ಆದರೆ ಯಾರು ಯಾವ ಓಣಿಗೆ ಹೋಗಬೇಕು, ಹಗ್ಗವನ್ನು ಎಲ್ಲಿ ಕಟ್ಟಬೇಕು, ಒದ್ದೆಯಾಗಿ ನಡುಗುವ ಕೂಸಿಗೆ ಮೊದಲು ಏನು ಮಾಡಬೇಕು ಎಂದು ಹೇಳುವವರಿಲ್ಲದೆ ಹತ್ತು ಜನ ಒಂದೇ ಮನೆಗೆ ಓಡುತ್ತಿದ್ದರು. ದಳ ಇದ್ದ ಊರಲ್ಲಿ ಒಂದು ಸೀಟಿಗೆ ಮೂರು ಗುಂಪು ಆಗುತ್ತದೆ.

ಆದಕಾರಣ ಸಂಘದ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಬರುವ ಸರ್ವಸಾಧಾರಣ ಸಭೆಯಲ್ಲಿ ಇದನ್ನು ವಿಷಯಪಟ್ಟಿಗೆ ಹಾಕಿಕೊಳ್ಳಬೇಕು. ಸದಸ್ಯರ ಮನೆಗಳಿಂದಲೇ, ಊರಲ್ಲಿಯೇ ಉಳಿಯುವ ಇಬ್ಬರು ತರುಣರು ಮತ್ತು ಒಬ್ಬ ತರುಣಿಯನ್ನು ಆರಿಸಿ, ಜಿಲ್ಲಾ ಕೇಂದ್ರದಲ್ಲಿ ವಿಚಾರಿಸಿ ನಾಯಕರ ತರಬೇತಿಗೆ ಕಳಿಸಬೇಕು. ಹೋಗಿಬರುವ ಖರ್ಚು ಮತ್ತು ಒಂದು ಜೊತೆ ಸಮವಸ್ತ್ರದ ಖರ್ಚು ಸಂಘಕ್ಕೆ ಭಾರವಾಗಲಾರದು. ರವಿವಾರ ಬೆಳಿಗ್ಗೆ ಗೋದಾಮಿನ ಮುಂದಿನ ಬಯಲು ಖಾಲಿಯೇ ಇರುತ್ತದೆ. ಶಾಲೆಯ ಕಪಾಟಿನ ಕೀಲಿ ಹೆಡ್ ಮಾಸ್ತರರ ಹತ್ತಿರ ಇದೆ, ಕೇಳಿದರೆ ಕೊಡುತ್ತೇನೆಂದು ಹೇಳಿದ್ದಾರೆ. ಹಗ್ಗಗಳನ್ನು ಮಾತ್ರ ಹೊಸದಾಗಿ ಕೊಳ್ಳಬೇಕು, ಇದ್ದವನ್ನು ಇಲಿ ಕಡಿದಿವೆ.